ಕೂರುವ ಜಗಲಿ ಬೇರೆ, ಕಾಯುವ ಜಗಲಿ ಬೇರೆ

ಮೇ ತಿಂಗಳಲ್ಲಿ ಕಲಬುರಗಿಯ ಯಾವುದಾದರೂ ಮನೆಯಲ್ಲಿ, ರಾತ್ರಿ ಹತ್ತು ಗಂಟೆಗೆ, ಪಡುವಣ ಕೋಣೆಯ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಗೋಡೆ ಇನ್ನೂ ಬಿಸಿ ಇರುತ್ತದೆ. ಹೊರಗೆ ಗಾಳಿ ಅಷ್ಟೊತ್ತಿಗೆ ತುಸು ತಣ್ಣಗಾಗಿರುತ್ತದೆ. ಬಾಗಿಲಲ್ಲಿ ನಿಂತರೆ ಹಿತ ಅನಿಸುತ್ತದೆ. ಒಳಗೆ ಬಂದರೆ ಮತ್ತೆ ಧಗೆ. ಫ್ಯಾನ್ ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತಿರುತ್ತದೆ. ಸೂರ್ಯ ಮುಳುಗಿ ಮೂರು ಗಂಟೆ ಆಗಿದ್ದರೂ ಗೋಡೆಯೊಳಗೆ ಮಧ್ಯಾಹ್ನ ಮುಗಿದಿರುವುದಿಲ್ಲ.

ಯಾಕೆ ಹೀಗೆ? ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಹೊರಮೈಗೆ ತಾಗಿದ ಬಿಸಿ ಒಳಮೈಗೆ ಬರಲು ಸುಮಾರು 6ರಿಂದ 8 ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಮೂರಕ್ಕೆ ಬಿದ್ದ ಬಿಸಿಲು ನೀವು ಹಾಸಿಗೆ ಹಾಸುವ ಹೊತ್ತಿಗೆ ಒಳಗೆ ಕಾಲಿಡುತ್ತದೆ. ಬೇಸಿಗೆಯ ಇಳಿಹೊತ್ತಿನ ಬಿಸಿಲಿಗೆ ಎದುರಾಗಿ ನಿಂತ ಗೋಡೆಯ ಒಂದೊಂದು ಚದರ ಮೀಟರ್ ಮೇಲೂ 500–600 ವ್ಯಾಟ್‌ನಷ್ಟು ಶಾಖ ಬೀಳುತ್ತದೆ. ಹತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆ ಅಂದರೆ ಒಂಬತ್ತು ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ. ಲೆಕ್ಕ ಹಾಕಿದರೆ ಸುಮಾರು ಐದು ಸಾವಿರ ವ್ಯಾಟ್ ಆಗುತ್ತದೆ. ಬಚ್ಚಲುಮನೆಯ ಗೀಸರ್ ಸಾಮಾನ್ಯವಾಗಿ ಎರಡು ಸಾವಿರ ವ್ಯಾಟಿನದು. ಅಂಥ ಎರಡೂವರೆ ಗೀಸರ್‌ಗಳನ್ನು ಗೋಡೆಗೆ ಆನಿಸಿ ಇಟ್ಟ ಹಾಗೆ ಇದು. ಅಷ್ಟೂ ಒಳಗೆ ಬರುವುದಿಲ್ಲ. ಬಣ್ಣ ತಿಳಿಯಾಗಿದ್ದರೆ ಒಂದಿಷ್ಟು ಹಿಂದಕ್ಕೆ ಚಿಮ್ಮುತ್ತದೆ, ಒಂದಿಷ್ಟನ್ನು ಗಾಳಿ ಒಯ್ಯುತ್ತದೆ. ಉಳಿದದ್ದನ್ನು ಗೋಡೆ ಕುಡಿಯುತ್ತದೆ.

ಬಿಸಿಲೂರಿನಲ್ಲಿ ಜಗಲಿಯ ಮೊದಲ ಕೆಲಸ ಈ ಬಿಸಿಲು ಗೋಡೆಗೆ ತಾಗದ ಹಾಗೆ ನೋಡಿಕೊಳ್ಳುವುದು. ಅದು ಗೋಡೆಗೆ ಹಿಡಿದ ಕೊಡೆ. ನಾವು ಮನೆ ಕಟ್ಟುವಾಗ ಜಗಲಿಯನ್ನು ಹೀಗೆ ಯೋಚಿಸುವುದೇ ಇಲ್ಲ. ಕೂತು ಚಹಾ ಕುಡಿಯುವ ಜಾಗ, ಬಂದವರು ಚಪ್ಪಲಿ ಬಿಡುವ ಜಾಗ ಅಂತ ಅಂದುಕೊಳ್ಳುತ್ತೇವೆ. ಹಾಗಾಗಿ ಅದನ್ನು ರಸ್ತೆ ಕಡೆಗೆ ಇಡುತ್ತೇವೆ. ಬಿಸಿಲು ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಕೇಳುವವರೇ ಇಲ್ಲ.

ನಮ್ಮ ಮನೆಯಲ್ಲೂ ಆದದ್ದು ಇದೇ. ಮನೆಯ ಮುಖ ಪೂರ್ವಕ್ಕೆ, ರಸ್ತೆಯೂ ಪೂರ್ವಕ್ಕೆ, ಜಗಲಿಯೂ ಅಲ್ಲೇ. ಪಡುವಣಕ್ಕೆ ಎರಡು ಮಲಗುವ ಕೋಣೆಗಳು, ಬೋಳು ಗೋಡೆ, ಕಿಟಕಿ ಮೇಲೆ ಒಂದೂವರೆ ಅಡಿಯ ಸಜ್ಜಾ. ಎಷ್ಟೋ ಬೇಸಿಗೆ ಆ ಕೋಣೆಗಳಲ್ಲಿ ನಿದ್ದೆ ಇಲ್ಲದೆ ಕಳೆದೆವು. ಆಮೇಲೆ ಪಡುವಣಕ್ಕೆ ಇನ್ನೊಂದು ಪಡಸಾಲೆ ಕಟ್ಟಿಸಿದೆವು. ಅದನ್ನು ಕಟ್ಟಿಸುವಾಗ ಕಲಿತದ್ದು, ಮಾಡಿದ ತಪ್ಪು, ಸರಿಪಡಿಸಿದ ರೀತಿ ಎಲ್ಲವನ್ನೂ ಇಲ್ಲಿ ಹೇಳುತ್ತಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ಮಲೆನಾಡಿನವರು, ಹಳೇ ಮೈಸೂರಿನವರು ಜಗಲಿ ಅಂತಾರೆ. ನಮ್ಮ ಕಡೆ ಪಡಸಾಲಿ, ಕಟ್ಟಿ. ಕರಾವಳಿಯಲ್ಲಿ ಚಾವಡಿ. ಹಜಾರ, ಮೊಗಸಾಲೆ ಅನ್ನುವವರೂ ಇದ್ದಾರೆ. ಒಂದೊಂದು ಊರಿನಲ್ಲಿ ಒಂದೊಂದು ಅರ್ಥ ಸ್ವಲ್ಪ ಬೇರೆ ಇರಬಹುದು. ಇಲ್ಲಿ ನಾನು ಹೇಳುವುದು ಮನೆಯ ಗೋಡೆಗೆ ಹೊಂದಿಕೊಂಡ, ಮೇಲೆ ಚಾವಣಿ ಇದ್ದು ಹೊರಬದಿ ತೆರೆದಿರುವ ಜಾಗದ ಬಗ್ಗೆ.

ಯಾವ ದಿಕ್ಕಿಗೆ

ದಿಕ್ಕಿನ ವಿಷಯದಲ್ಲಿ ಒಂದು ಸಣ್ಣ ಗುಟ್ಟಿದೆ. ಕೂರಲು ಒಳ್ಳೆಯ ದಿಕ್ಕು ಮತ್ತು ಮನೆ ಕಾಯಲು ಬೇಕಾದ ದಿಕ್ಕು ಎರಡೂ ಬೇರೆ ಬೇರೆ.

ಪೂರ್ವದ ಜಗಲಿ ಬೇಸಿಗೆಯ ಸಂಜೆ ಕೂರಲು ಬಲು ಚೆನ್ನ. ಹೊತ್ತು ನೆತ್ತಿ ದಾಟಿತು ಅಂದರೆ ಇಡೀ ಮನೆಯೇ ಆ ಕಡೆಗೆ ನೆರಳು ಚೆಲ್ಲುತ್ತದೆ. ಐದು ಗಂಟೆ ಹೊತ್ತಿಗೆ ಅಂಗಳವೂ ನೆರಳಲ್ಲಿರುತ್ತದೆ. ಬೆಳಗಿನ ಬಿಸಿಲು ಪೂರ್ವದ ಗೋಡೆಗೆ ಬೀಳುತ್ತದೆ ನಿಜ, ಆದರೆ ಆಗ ಗಾಳಿ ಇನ್ನೂ ಕಾದಿರುವುದಿಲ್ಲ. ಹೀಗಾಗಿ ಅದು ಅಷ್ಟು ಕಾಡುವುದಿಲ್ಲ.

ಪಡುವಣದ ಜಗಲಿಯಲ್ಲಿ ಮೇ ತಿಂಗಳ ನಾಲ್ಕು ಗಂಟೆಗೆ ಕೂರಲು ಆಗುವುದಿಲ್ಲ. ಆದರೆ ಮನೆಯನ್ನು ಕಾಯುವುದು ಅದೇ. ಗಾಳಿ 41–42 ಡಿಗ್ರಿಗೆ ಏರಿದ ಹೊತ್ತಿಗೇ ಪಡುವಣದ ಗೋಡೆಗೆ ನೇರ ಬಿಸಿಲು ಬೀಳುತ್ತದೆ. ಎರಡು ಪೆಟ್ಟು ಒಟ್ಟಿಗೇ. ದುಡ್ಡು ಒಂದೇ ಜಗಲಿಗೆ ಸಾಲುತ್ತದೆ ಅಂದರೆ ನಾನು ಪಡುವಣಕ್ಕೇ ಹಾಕಿ ಅಂತೀನಿ. ಸಂಜೆ ಪೂರ್ವದ ಅಂಗಳದಲ್ಲಿ ಸುಮ್ನೆ ಎರಡು ಕುರ್ಚಿ ಹಾಕಿಕೊಂಡರೂ ನಡೆಯುತ್ತದೆ, ಅಲ್ಲಿ ನೆರಳು ಪುಕ್ಕಟೆ ಸಿಗುತ್ತದೆ. ಪಡುವಣದ ನೆರಳನ್ನು ನಾವೇ ಕಟ್ಟಬೇಕು.

ತೆಂಕಣ ದಿಕ್ಕಿಗೆ ಜಗಲಿ ಬೇಕೇ ಬೇಕು ಅಂತಿಲ್ಲ. ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಕೇಳಿರುತ್ತೀರಿ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಒಂದು ಗಳಿಗೆ ನೆರಳೇ ಇರುವುದಿಲ್ಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಬರುತ್ತದೆ. ಕಲಬುರಗಿ ಉತ್ತರಕ್ಕಿರುವುದರಿಂದ ಇಲ್ಲಿ ಮೇ ಎರಡನೇ ವಾರದ ಹೊತ್ತಿಗೆ. ಸೂರ್ಯ ಅಷ್ಟು ಎತ್ತರ ಇದ್ದಾಗ ತೆಂಕಣ ಗೋಡೆಗೆ ಎರಡೂವರೆ ಅಡಿ ಸಜ್ಜಾ ಸಾಕು. ಮಾರ್ಚ್ ಕೊನೆಯ ಮಧ್ಯಾಹ್ನದಲ್ಲೂ ಅದು ಎಂಟಡಿ ಗೋಡೆಗೆ ನೆರಳು ಕೊಡುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಬಾಗಿದಾಗ ಅದೇ ಸಜ್ಜಾದ ಕೆಳಗಿಂದ ಎಳೆ ಬಿಸಿಲು ಒಳಗೆ ಬರುತ್ತದೆ, ಚಳಿಗೆ ಅದೂ ಬೇಕು. ಬಡಗಣ ದಿಕ್ಕಿನಲ್ಲಿ ವರ್ಷದ ಬಹುಪಾಲು ನೆರಳೇ. ಅಲ್ಲಿ ಜಗಲಿ ಕಟ್ಟಿದರೆ ಓದಲು, ಹೊಲಿಯಲು ಒಳ್ಳೆಯ ಬೆಳಕು ಸಿಗುತ್ತದೆ ಅಷ್ಟೆ.

ಒಂದು ಕೋಲು, ಒಂದು ಟೇಪು

ಎಷ್ಟು ಅಗಲ ಕಟ್ಟಬೇಕು? ಗೌಂಡಿಯನ್ನು ಕೇಳಿದರೆ ನಾಲ್ಕಡಿ ಸಾಕು ಅಂತಾನೆ. ಇಂಜಿನಿಯರ್ ಜಾಗ ಎಷ್ಟಿದೆ ಅಂತ ಕೇಳುತ್ತಾರೆ. ಸೂರ್ಯನನ್ನೇ ಕೇಳುವುದು ಸುಲಭ. ಗಣಿತ ಬೇಡ, ಒಂದಡಿ ಉದ್ದದ ನೆಟ್ಟನೆಯ ಕೋಲು, ಒಂದು ಅಳತೆ ಟೇಪು ಸಾಕು.

ಮೇ ತಿಂಗಳಲ್ಲಿ ಸಮತಟ್ಟಾದ ನೆಲದ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆರಳು ಎಷ್ಟುದ್ದ ಇದೆ ಅಳೆಯಿರಿ. ಕಲಬುರಗಿಯಲ್ಲಿ ಗಡಿಯಾರದ 3.20ಕ್ಕೆ ನೆರಳು ಒಂದಡಿಗೆ ಒಂದಿಂಚು ಕಡಿಮೆ ಇರುತ್ತದೆ. 4.20ಕ್ಕೆ ಒಂದೂವರೆ ಅಡಿ. 5.20ಕ್ಕೆ ಹತ್ತಿರ ಹತ್ತಿರ ಮೂರಡಿ. (ಈ 20 ನಿಮಿಷದ ಬಾಲ ಯಾಕೆ ಅಂದರೆ, ನಮ್ಮ ಗಡಿಯಾರ ನಡೆಯುವುದು ನಮ್ಮೂರಿಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಾಗಾಗಿ ನಮ್ಮಲ್ಲಿ ನಡು ಮಧ್ಯಾಹ್ನ ಆಗುವುದೇ ಸುಮಾರು 12.20ಕ್ಕೆ.)

ಈಗ ಲೆಕ್ಕ. ಪಡುವಣದ ಜಗಲಿಯ ಅಗಲವನ್ನು ಆ ನೆರಳಿನ ಉದ್ದದಿಂದ ಭಾಗಿಸಿ. ಸೂರಿನ ಅಂಚಿನ ಮಟ್ಟದಿಂದ ಎಷ್ಟು ಅಡಿ ಕೆಳಗಿನವರೆಗೆ ಗೋಡೆಗೆ ನೆರಳಿದೆ ಎಂಬುದು ಬರುತ್ತದೆ. ಅಗಲ ಅಂದರೆ ಗೋಡೆಯಿಂದ ಸೂರಿನ ಹೊರ ಅಂಚಿನವರೆಗೆ, ಕಂಬದವರೆಗೆ ಅಲ್ಲ.

ಎಂಟಡಿ ಅಗಲದ ಜಗಲಿ ತೆಗೆದುಕೊಳ್ಳಿ. 3.20ಕ್ಕೆ ಎಂಟೂವರೆ ಅಡಿಗಿಂತ ಜಾಸ್ತಿ, ಅಂದರೆ ಗೋಡೆ ಪೂರ್ತಿ ನೆರಳಲ್ಲಿ. 4.20ಕ್ಕೆ ಐದು ಅಡಿ ಚಿಲ್ಲರೆ. 5.20ಕ್ಕೆ ಬರೀ ಎರಡೂ ಮುಕ್ಕಾಲು ಅಡಿ. ನಾಲ್ಕಡಿ ಜಗಲಿಯಾದರೆ 4.20ಕ್ಕೇ ಎರಡೂವರೆ ಅಡಿ ಚಿಲ್ಲರೆಗೆ ಇಳಿದುಬಿಡುತ್ತದೆ. ಗೋಡೆಯ ಮೂರರಲ್ಲಿ ಎರಡು ಪಾಲು ಬಿಸಿಲಲ್ಲೇ ಇರುತ್ತದೆ. ನಾಲ್ಕಡಿ ಜಗಲಿಗೆ ಖರ್ಚು ಮಾಡಿ, ಆಮೇಲೆ ಏನೂ ಪ್ರಯೋಜನ ಆಗಲಿಲ್ಲ ಅನ್ನುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಅವರ ದುಡ್ಡು ಸೂರ್ಯನ ಲೆಕ್ಕಕ್ಕೆ ಸಿಗದೆ ಹೋಯಿತು.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಅಗಲದಷ್ಟೇ ಮುಖ್ಯ ಸೂರಿನ ಎತ್ತರ. ಸೂರು ಜಗಲಿಯ ನೆಲದಿಂದ ಒಂಬತ್ತು ಅಡಿ ಮೇಲಿದ್ದರೆ 4.20ಕ್ಕೆ ಕೆಳಗಿನ ಮೂರೂವರೆ ಅಡಿಗೂ ಜಾಸ್ತಿ ಗೋಡೆ ಬಿಸಿಲಲ್ಲಿ. ಅದೇ ಸೂರು ಏಳಡಿಗೆ ಇಳಿದರೆ ಒಂದೂ ಮುಕ್ಕಾಲು ಅಡಿ ಮಾತ್ರ. ಒಂದು ಇಟ್ಟಿಗೆಯೂ ಜಾಸ್ತಿ ಹಾಕದೆ, ಬರೀ ಅಂಚನ್ನು ಕೆಳಗೆ ತಂದರೆ ಇಷ್ಟು ಲಾಭ. ಹಳೆಯ ಮನೆಗಳ ಸೂರು ತಲೆಗೆ ತಾಗುವ ಹಾಗೆ ಇರುತ್ತಿದ್ದುದು ಬಡತನಕ್ಕಲ್ಲ. ಈಗ ಮನೆ ಭವ್ಯವಾಗಿ ಕಾಣಲಿ ಅಂತ ಎರಡು ಅಂತಸ್ತು ಎತ್ತರದ ಕಂಬ ನಿಲ್ಲಿಸುತ್ತಾರೆ. ಅಷ್ಟು ಮೇಲಿನ ಚಾವಣಿಯ ನೆರಳು ಗೋಡೆಯ ಬುಡಕ್ಕೆ ಬರುವುದೇ ಇಲ್ಲ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಒಮ್ಮೆ ಹೋಗಿ ನೋಡಿ. 1367ರದು. ಮಸೀದಿಗೆ ಸಾಮಾನ್ಯವಾಗಿ ಇರುವ ಬಯಲು ಅಂಗಳ ಅಲ್ಲಿಲ್ಲ, ಇಡೀ ಕಟ್ಟಡಕ್ಕೇ ಚಾವಣಿ. ಸುತ್ತಲಿನ ಮೊಗಸಾಲೆಯ ಕಮಾನುಗಳು ಬಹಳ ಅಗಲ, ಆದರೆ ನೆಲಕ್ಕೆ ತುಂಬಾ ಹತ್ತಿರದಿಂದಲೇ ಬಾಗಲು ಶುರು ಮಾಡುತ್ತವೆ. ಕಟ್ಟಿದವರ ಮನಸ್ಸಿನಲ್ಲಿ ಏನಿತ್ತೋ ಹೇಳಲಾರೆ. ಬಿಸಿಲಿನ ದಿನ ಒಳಗೆ ನಿಂತರೆ ಅಗಲವಾದ, ತಗ್ಗಾದ ಅಂಚು ಏನು ಮಾಡುತ್ತದೆ ಎಂಬುದು ಮೈಗೇ ಗೊತ್ತಾಗುತ್ತದೆ.

ಹಾಗಾದರೆ 5.20ರ ಬಿಸಿಲಿಗೆ ಏನು ಮಾಡುವುದು? ಅದಕ್ಕೆ ಎಷ್ಟೇ ಅಗಲ ಕಟ್ಟಿದರೂ ಸಾಲದು. ಸೂರ್ಯ ಸೂರಿನ ಕೆಳಗಿನಿಂದಲೇ ನುಗ್ಗುತ್ತಾನೆ. ಆಗ ಬೇಕಾದ್ದು ಅಡ್ಡಮರೆ. ಬಿದಿರಿನ ತಟ್ಟಿ, ಸುತ್ತಿ ಮೇಲೆತ್ತುವ ಬಿದಿರು ಪರದೆ, ಬಳ್ಳಿ, ಇಲ್ಲವೇ ಇಟ್ಟಿಗೆಯ ಜಾಲಿ. ಯಾವುದೇ ಇರಲಿ, ಅದು ಜಗಲಿಯ ಹೊರ ಅಂಚಿನಲ್ಲಿ ಇರಬೇಕು. ಕಿಟಕಿಯ ಒಳಗೆ ಹಾಕಿದ ಪರದೆ ಬಿಸಿಲನ್ನು ಮನೆಯೊಳಗೆ ಬರಮಾಡಿಕೊಂಡ ಮೇಲೆ ತಡೆಯುತ್ತದೆ. ಹೊರಗಿನ ತಟ್ಟಿ ಎಂಟಡಿ ದೂರದಲ್ಲೇ ತಡೆಯುತ್ತದೆ. ತಟ್ಟಿ ಕಾದರೂ ಆ ಬಿಸಿ ಗಾಳಿಗೆ ಹೋಗುತ್ತದೆ, ಗೋಡೆಗಲ್ಲ.

ಇಟ್ಟಿಗೆ ಜಾಲಿಯನ್ನು ಕಡಿಮೆ ಖರ್ಚಿನ ಮನೆಗಳಲ್ಲಿ ಮತ್ತೆ ಬಳಕೆಗೆ ತಂದವರು ಕೇರಳದಲ್ಲಿ ಕೆಲಸ ಮಾಡಿದ ಲಾರಿ ಬೇಕರ್. ನಡುವೆ ಸಂದಿ ಬಿಟ್ಟು ಇಟ್ಟಿಗೆ ಜೋಡಿಸುತ್ತಾ ಹೋಗುವುದು ಅಷ್ಟೇ. ಗಾಳಿ ಬರುತ್ತದೆ, ಬಿಸಿಲು ಚೂರುಚೂರಾಗಿ ಒಡೆಯುತ್ತದೆ. ನಮ್ಮ ಕಡೆ ಧೂಳು ಜಾಸ್ತಿ, ಜಾಲಿಯ ತೂತಿನಲ್ಲಿ ಕೂರುತ್ತದೆ. ವಾರಕ್ಕೊಮ್ಮೆ ಗುಡಿಸಲು ಆಗದವರಿಗೆ ಬಳ್ಳಿಯೇ ವಾಸಿ. ಮಧುಮಾಲತಿ ಒಂದೆರಡು ವರ್ಷದಲ್ಲಿ ತಂತಿಯ ಮೇಲೆ ತುಂಬಿಕೊಳ್ಳುತ್ತದೆ. ತೊಂಡೆ ಬಳ್ಳಿ ಬಿಟ್ಟರೆ ಅಡುಗೆಗೂ ಆಯಿತು.

ಕೂರುವ, ಮಲಗುವ ಲೆಕ್ಕವನ್ನೂ ನೋಡಬೇಕು. ನಾಲ್ಕಡಿಯಲ್ಲಿ ಓಡಾಡಬಹುದು ಅಷ್ಟೆ. ಆರಡಿಯಲ್ಲಿ ಕುರ್ಚಿ ಹಾಕಿ ಎದುರು ಒಬ್ಬರು ದಾಟಬಹುದು. ಹೊರಸು ಹಾಕಿ ಪಕ್ಕದಲ್ಲಿ ದಾರಿ ಬಿಡಬೇಕು ಅಂದರೆ ಆರೂವರೆ ಅಡಿ ನೆಲ ಬೇಕು. ಆರೂವರೆ ಅಡಿಗೆ ಕಂಬ, ಅದರಾಚೆ ಒಂದೂವರೆ ಅಡಿ ಸೂರು. ಅಲ್ಲಿಗೆ ಎಂಟು ಅಡಿ. ನಾವು ಕಟ್ಟಿಸಿದ್ದು ಇದೇ ಅಳತೆಗೆ.

ಇದಕ್ಕಿಂತ ಅಗಲ ಮಾಡಿದರೆ ಹಿಂದಿನ ಕೋಣೆ ಕತ್ತಲಾಗುತ್ತದೆ. ಹತ್ತಡಿ ದಾಟಿದರೆ ಹಗಲಲ್ಲೇ ದೀಪ ಹಾಕಬೇಕಾಗಬಹುದು. ಚಾವಣಿಯ ಒಳಮೈಗೆ ಬಿಳಿ ಬಣ್ಣ ಬಳಿದರೆ ಸ್ವಲ್ಪ ಸುಧಾರಿಸುತ್ತದೆ. ಕೋಣೆಗೆ ಇನ್ನೊಂದು ಬದಿಯಿಂದ ಕಿಟಕಿ ಇದ್ದರೆ ಚಿಂತೆ ಇಲ್ಲ.

ಜಾಗವೇ ಇಲ್ಲದಿದ್ದರೆ? ಮೂವತ್ತು–ನಲವತ್ತರ ಸೈಟಿನಲ್ಲಿ ಪಡುವಣಕ್ಕೆ ಎಂಟಡಿ ಎಲ್ಲಿಂದ ತರುವುದು? ಹೊಸ ಮನೆಯಾದರೆ ಮೆಟ್ಟಿಲು, ಬಚ್ಚಲು, ಸಾಮಾನು ಕೋಣೆಯನ್ನು ಆ ಬದಿಗೆ ಹಾಕಿ. ಅವು ಕಾದರೂ ಪರವಾಗಿಲ್ಲ, ಮಲಗುವವರಿಗೆ ತಾಗುವುದಿಲ್ಲ. ಕಟ್ಟಿದ ಮನೆಯಾದರೆ ಗೋಡೆಯಿಂದ ಒಂದಡಿ ದೂರಕ್ಕೆ ತಂತಿ ಬಿಗಿದು ಬಳ್ಳಿ ಹಬ್ಬಿಸಿ. ಬಳ್ಳಿ ಗೋಡೆಗೆ ಅಂಟಬಾರದು, ನಡುವೆ ಗಾಳಿ ಆಡಬೇಕು. ಸೆಟ್‌ಬ್ಯಾಕ್ ಜಾಗದಲ್ಲಿ, ಅಂದರೆ ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ, ಚಾವಣಿ ಹಾಕಲು ಊರೂರಿಗೆ ಬೇರೆ ನಿಯಮ ಇದೆ. ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಕೇಳಿಕೊಂಡೇ ಮುಂದುವರಿಯಿರಿ.

ಎರೆ ಮಣ್ಣಿನ ಮಾತು

ಕಲಬುರಗಿ, ವಿಜಯಪುರ, ರಾಯಚೂರು ಕಡೆ ಜಗಲಿ ಕೆಡುವುದು ಬಿಸಿಲಿಗಿಂತ ಜಾಸ್ತಿ ನೆಲದಿಂದ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗುವಷ್ಟು ಜಾಗ ಇರುತ್ತದೆ. ಮಳೆ ಬಂದರೆ ಅದೇ ಬಿರುಕು ಮುಚ್ಚಿಕೊಂಡು ನೆಲ ಮೇಲೇಳುತ್ತದೆ. ಭಾರವಾದ ಮನೆ ಈ ಉಬ್ಬರವನ್ನು ಒಂದಿಷ್ಟು ಅದುಮಿ ಹಿಡಿಯುತ್ತದೆ. ಜಗಲಿ ಹಗುರ, ಅದನ್ನು ಮಣ್ಣು ಸಲೀಸಾಗಿ ಎತ್ತುತ್ತದೆ. ಮೇಲಾಗಿ ಜಗಲಿ ಮನೆಯ ಅಂಚಿನಲ್ಲಿದೆ. ತೇವ ಏರುವುದು, ಇಳಿಯುವುದು ಅಂಚಿನಲ್ಲೇ ಜಾಸ್ತಿ.

ನಮ್ಮ ಜಗಲಿಗೆ ಆದ ಪೆಟ್ಟು ಇದೇ. ಕೆಲಸ ವಹಿಸಿಕೊಂಡವರು ಜಗಲಿ ತಾನೇ ಅಂತ ಎರಡಡಿ ಅಗೆದು ಪಾಯ ಹಾಕಿದರು. ಜಗಲಿಯ ಪಕ್ಕದ ಗೋಡೆಯನ್ನು ಮನೆಯ ಹಳೆ ಗೋಡೆಗೆ ಹಲ್ಲು ಕೊಟ್ಟು ಸೇರಿಸಿದರು. ನೋಡಲು ಗಟ್ಟಿಯಾಗೇ ಇತ್ತು. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಸೇರಿಸಿದ ಜಾಗದಲ್ಲಿ ಮೇಲಿನಿಂದ ಕೆಳಗಿನ ತನಕ ಬಿರುಕು. ಜೊತೆಗೆ ಮನೆಯ ಗೋಡೆಯ ಒಂದಿಷ್ಟು ಇಟ್ಟಿಗೆಯನ್ನೂ ಎಳೆದುಕೊಂಡಿತ್ತು. ಆ ಬಿರುಕು ಕಂಡ ದಿನದ ಸಂಕಟ ಈಗಲೂ ನೆನಪಿದೆ. ಪಕ್ಕದ ಗೋಡೆ ಕೆಡವಿ, ಮತ್ತೆ ಕಟ್ಟಿಸಬೇಕಾಯಿತು.

ಎರಡನೇ ಸಲ ಮಾಡಿದ್ದು ಹೀಗೆ. ಎರೆ ಪದರ ಮುಗಿದು ಮುರುಮು, ಅಂದರೆ ಗಟ್ಟಿಯಾದ ಗರಸು ಮಣ್ಣು, ಸಿಗುವ ತನಕ ಅಗೆಸಿದೆವು. ನಮ್ಮಲ್ಲಿ ಅದು ಐದೂವರೆ ಅಡಿಗೆ ಸಿಕ್ಕಿತು. ಅಲ್ಲಿಂದ ಕಂಬದ ಪಾಯ ಎಬ್ಬಿಸಿ, ಸುತ್ತ ತೆಗೆದ ಎರೆ ಮಣ್ಣನ್ನು ವಾಪಸ್ ಹಾಕದೆ ಮುರುಮು ತುಂಬಿ ಗುದ್ದಿಸಿದೆವು. ನೆಲಮಟ್ಟದಲ್ಲಿ ಕಂಬದಿಂದ ಕಂಬಕ್ಕೆ ಪ್ಲಿಂತ್ ಬೀಮ್, ಅಂದರೆ ಕಾಂಕ್ರೀಟ್ ತೊಲೆ. ಜಗಲಿಯ ನೆಲದ ಕೆಳಗೂ ಎರೆ ತೆಗೆದು ಮುರುಮು ತುಂಬಿಸಿದೆವು, ಇಲ್ಲದಿದ್ದರೆ ಕಲ್ಲು ಹಾಸು ಎದ್ದುಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಒಂದಿಂಚು ಸಂದಿ ಬಿಟ್ಟೆವು. ಎರಡೂ ತಮ್ಮ ಪಾಡಿಗೆ ತಾವು ಅಲ್ಲಾಡಲಿ. ಆ ಸಂದಿಗೆ ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿದರೆ ಸಾಕು.

ಎರೆ ತುಂಬಾ ಆಳ ಇರುವ ಕಡೆ ಮುರುಮು ಸಿಗುವುದೇ ಇಲ್ಲ. ಅಲ್ಲಿ ಬುಡದಲ್ಲಿ ಗೆಡ್ಡೆಯಂತೆ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ಹಾಕುತ್ತಾರೆ. ಸಾಮಾನ್ಯವಾಗಿ ಮೂರೂವರೆ ಮೀಟರ್ ಅಥವಾ ಅದಕ್ಕಿಂತ ಆಳ. ಅಷ್ಟು ಆಳದಲ್ಲಿ ತೇವ ಹೆಚ್ಚು ಏರಿಳಿಯುವುದಿಲ್ಲ, ಹಾಗಾಗಿ ಮಣ್ಣೂ ಅಲ್ಲಾಡುವುದಿಲ್ಲ. ಇದು ಗೌಂಡಿಯ ಅಂದಾಜಿಗೆ ಬಿಡುವ ಕೆಲಸ ಅಲ್ಲ. ಇಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಲೇಬೇಕು. ಕೆಂಪು ಮಣ್ಣಿನ ಊರಿನವರಿಗೆ ಈ ತಾಪತ್ರಯ ಇಲ್ಲ.

ಸೂರಿನಿಂದ ಬಿದ್ದ ನೀರು ಪಾಯದ ಪಕ್ಕದಲ್ಲೇ ಇಂಗಬಾರದು. ಸೂರಿನ ಅಂಚಿಗೆ ದೋಣಿ ಕಟ್ಟಿ ನೀರನ್ನು ದೂರ ಒಯ್ಯಿರಿ. ತೊಟ್ಟಿಗೆ ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ಮೇಲೆ ಏನು ಹಾಕುವುದು

ಬಹಳಷ್ಟು ಜನ ತಗಡು ಹಾಕುತ್ತಾರೆ. ಬೇಗ ಆಗುತ್ತದೆ, ಅಗ್ಗ. ಆದರೆ ಬರಿಯ ತಗಡು ಬಿಸಿಲಿಗೆ ಕಾದು ಹೆಂಚಾಗುತ್ತದೆ. ಕೆಳಗೆ ಕೂತವರ ನೆತ್ತಿಗೆ ಆ ಕಾವು ಹೊಡೆಯುತ್ತದೆ. ನೆರಳಿದೆ, ತಂಪಿಲ್ಲ. ತಗಡೇ ಗತಿ ಅನ್ನುವವರು ಎರಡು ಕೆಲಸ ಮಾಡಿ. ಮೇಲ್ಮೈಗೆ ಬಿಳಿ ಬಣ್ಣ ಹೊಡೆಸಿ. ಕೆಳಗೆ ಅರ್ಧ ಅಡಿ ಬಿಟ್ಟು ಬಿದಿರು ಚಾಪೆಯ ಒಳಚಾವಣಿ ಹಾಕಿ. ಆ ಅರ್ಧ ಅಡಿಯ ಎರಡೂ ತುದಿ ತೆರೆದಿರಲಿ, ಗಾಳಿ ಹಾದುಹೋಗಲಿ. ತಗಡಿನ ಇಳಿಜಾರು ಕಡಿಮೆ ಸಾಕು, ಎಂಟಡಿಗೆ ಹತ್ತಿಂಚು ಇಳಿದರೆ ನೀರು ಹರಿಯುತ್ತದೆ. ಸೂರು ಏಳಡಿಗೆ ಇದ್ದರೆ ಗೋಡೆ ಕಡೆ ಎಂಟಡಿಗೂ ಕಡಿಮೆಯಲ್ಲೇ ಮುಗಿಯುತ್ತದೆ. ಇದರಲ್ಲಿ ಒಂದು ಅನುಕೂಲ ಇದೆ. ಕೋಣೆಯ ವೆಂಟಿಲೇಟರನ್ನು ಜಗಲಿಯ ಚಾವಣಿಗಿಂತ ಮೇಲೆ ಇಡಬಹುದು. ಕೆಳಗೆ ಇಟ್ಟರೆ ಜಗಲಿಯ ಮೇಲ್ಭಾಗದಲ್ಲಿ ತುಂಬಿಕೊಂಡ ಬಿಸಿ ಗಾಳಿಯೇ ಕೋಣೆಗೆ ನುಗ್ಗುತ್ತದೆ.

ಏಪ್ರಿಲ್–ಮೇ ತಿಂಗಳ ಮಳೆಯ ಜೊತೆ ಬರುವ ಬಿರುಗಾಳಿಯನ್ನೂ ಮರೆಯಬಾರದು. ಬದಿ ತೆರೆದ ಚಾವಣಿಯನ್ನು ಗಾಳಿ ಕೆಳಗಿನಿಂದ ಎತ್ತುತ್ತದೆ. ತಗಡನ್ನು ಬೋಲ್ಟ್ ಹಾಕಿ ಪಟ್ಟಿಗೆ ಬಿಗಿದರಷ್ಟೇ ಸಾಲದು. ಪಟ್ಟಿ ಕಂಬಕ್ಕೆ, ಕಂಬ ಕಾಂಕ್ರೀಟಿಗೆ ಬಿಗಿಯಾಗಿರಬೇಕು. ಮೇಲೆ ಕಲ್ಲು ಹೇರಿ ನಿಲ್ಲಿಸಿದ ತಗಡು ಪಕ್ಕದ ಮನೆಯವರ ಜೀವಕ್ಕೆ ಅಪಾಯ.

ನನಗೆ ಮೆಚ್ಚುಗೆ ಮಂಗಳೂರು ಹಂಚು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1860ರ ದಶಕದಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿಮಣ್ಣು ಒಂದೊಂದಕ್ಕೆ ಕೊಂಡಿ ಹಾಕಿಕೊಳ್ಳುವ ಹಂಚಾಗಿ ದೂರದೂರಿಗೆ ಹೋಯಿತು. ಹಂಚು ತಗಡಿನ ಹಾಗೆ ಸುಡುವುದಿಲ್ಲ. ಹಂಚುಗಳ ಸಂದಿಯಿಂದ ಬಿಸಿ ಗಾಳಿ ತಾನಾಗಿ ಸೋರಿ ಹೋಗುತ್ತದೆ, ಹೀಗಾಗಿ ಮೇಲೆ ಕಾವು ಕಟ್ಟುವುದಿಲ್ಲ. ಒಡೆದ ಹಂಚನ್ನು ಒಂದೊಂದಾಗಿ ಬದಲಿಸಬಹುದು.

ಆದರೆ ಹಂಚಿಗೆ ಇಳಿಜಾರು ಬೇಕು. ಎರಡಡಿಗೆ ಒಂದಡಿ ಇಳಿಯಬೇಕು. ಎಂಟಡಿ ಅಗಲಕ್ಕೆ ನಾಲ್ಕಡಿ ಇಳಿತ. ಸೂರು ಏಳಡಿ ಅಂದರೆ ಗೋಡೆ ಕಡೆ ಹನ್ನೊಂದು ಅಡಿ. ಹತ್ತಡಿ ಎತ್ತರದ ಮನೆಯಲ್ಲಿ ಇದು ಮನೆಯ ಸ್ಲ್ಯಾಬಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಸೇರುವ ಜಾಗದಲ್ಲಿ ನೀರು ಗೋಡೆಗೆ ಇಳಿಯದಂತೆ ತಗಡಿನ ಪಟ್ಟಿ ಹಾಕಿಸಬೇಕು. ಇಪ್ಪತ್ತಡಿ ಉದ್ದದ ಜಗಲಿಗೆ ಇಳಿಜಾರಿನ ಲೆಕ್ಕದಲ್ಲಿ ಹದಿನಾರೂವರೆ ಚದರ ಮೀಟರ್ ಚಾವಣಿ ಆಗುತ್ತದೆ. ಚದರ ಮೀಟರಿಗೆ 15 ಹಂಚಿನಂತೆ 250. ಒಡೆಯುವುದಕ್ಕೆ ಅಂತ 20 ಜಾಸ್ತಿ ತಂದಿಡಿ. ಒಂದೊಂದು ಎರಡರಿಂದ ಮೂರು ಕೆಜಿ ತೂಗುತ್ತದೆ, ಅದನ್ನು ಹೊರುವ ಪಟ್ಟಿ, ತೊಲೆ ಗಟ್ಟಿ ಇರಲಿ. ಮಂಗಗಳ ಕಾಟ ಇರುವ ಓಣಿಯಾದರೆ ಮಾತ್ರ ಹಂಚಿನ ಆಸೆ ಬಿಡುವುದೇ ಒಳ್ಳೆಯದು.

ಕಾಂಕ್ರೀಟ್ ಸ್ಲ್ಯಾಬ್ ಹಾಕಿಸುವವರು ಮೇಲೆ ಬಿಳಿ ಟೈಲಿನ ಚೂರು ಹಾಸಿ ಅಥವಾ ಪ್ರತಿ ಬೇಸಿಗೆ ಸುಣ್ಣ ಬಳಿಸಿ. ಸ್ಲ್ಯಾಬಿನ ಅಂಚಿನ ಕೆಳಗೆ ಒಂದು ಸಣ್ಣ ಗೀರು ಬಿಡಿಸಿದರೆ ಮಳೆನೀರು ಒಳಗಡೆಗೆ ಹರಿದು ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ನೆಲ, ಅಂಗಳ, ನೀರು

ಜಗಲಿಯ ನೆಲ ಮನೆಯ ನೆಲಕ್ಕಿಂತ ಅರ್ಧ ಅಡಿ ಕೆಳಗಿರಲಿ, ಎರಚಲು ನೀರು ಒಳಗೆ ಬರುವುದಿಲ್ಲ. ಎಂಟಡಿಗೆ ಒಂದಿಂಚು ಹೊರಕ್ಕೆ ವಾಟ ಕೊಡಿ. ಅಂಗಳದಿಂದ ಒಂದೂವರೆ ಅಡಿ ಎತ್ತರ ಇದ್ದರೆ ಅಂಚೇ ಕೂರುವ ಕಟ್ಟೆ ಆಗುತ್ತದೆ. ಕಲ್ಲು ಯಾವುದು ಅಂತ ನಮ್ಮ ಜಿಲ್ಲೆಯವರು ಕೇಳಬಾರದು, ಶಹಾಬಾದಿನ ಪರ್ಸಿ (ಹಾಸುಗಲ್ಲು) ಕೈಗೆಟುಕುವಲ್ಲಿದೆ. ನಯ ಮಾಡದ ಪರ್ಸಿ ಹಾಸಿ, ಒದ್ದೆಯಾದರೂ ಜಾರುವುದಿಲ್ಲ. ಅದು ಸುಣ್ಣದ ಕಲ್ಲು. ಬಚ್ಚಲು ತೊಳೆಯುವ ಆಸಿಡ್ ಸೋಕಿಸಿದರೆ ಮೈ ಕಿತ್ತುಹೋಗುತ್ತದೆ.

ಜಗಲಿ ಮುಗಿದ ಮೇಲೆ ಜನ ಮಾಡುವ ದೊಡ್ಡ ತಪ್ಪು ಅದರ ಮುಂದಿನ ಅಂಗಳಕ್ಕೆ ಪೂರ್ತಿ ಸಿಮೆಂಟು ಬಳಿಯುವುದು. ಕೆಸರು ಆಗಬಾರದು ಅಂತ. ಆ ಸಿಮೆಂಟು ಬಿಸಿಲಿಗೆ ಕಾಯುತ್ತದೆ. ಅದರ ಮೇಲೆ ಹಾದು ಬರುವ ಗಾಳಿ ಕಾದೇ ಬರುತ್ತದೆ. ಬೆಳಕು ನೆಲದಿಂದ ಚಿಮ್ಮಿ ಸೂರಿನ ಕೆಳಗೆ ನುಗ್ಗುತ್ತದೆ. ಸೂರಿನಿಂದ ಮೇಲೆ ತಡೆದ ಬಿಸಿಲನ್ನು ನೆಲದಿಂದ ಒಳಗೆ ಕರೆದಂತೆ. ನಡೆಯುವಷ್ಟು ದಾರಿಗೆ ಮಾತ್ರ ಕಲ್ಲು ಹಾಸಿ, ಉಳಿದದ್ದು ಮಣ್ಣು, ಗಿಡ ಇರಲಿ. ಜಾಗ ಇದ್ದರೆ ಪಡುವಣಕ್ಕೆ ಒಂದು ಹೊಂಗೆ ಹಾಕಿ. ಹಳೆ ಎಲೆ ಉದುರಿಸಿ, ಬೇಸಿಗೆಯ ಬಿಸಿಲು ಬಲಿಯುವ ಹೊತ್ತಿಗೆ ಹೊಸ ಎಲೆ ಹೊದ್ದು ನಿಂತಿರುತ್ತದೆ. ಎರೆ ಮಣ್ಣಿನಲ್ಲಿ ಮರವನ್ನು ಪಾಯಕ್ಕೆ ತೀರಾ ಹತ್ತಿರ ನೆಡಬೇಡಿ. ಬೇರು ನೀರು ಹೀರಿದ ಕಡೆ ಮಣ್ಣು ಕುಗ್ಗಿ ಪಾಯ ಇಳಿಯುತ್ತದೆ.

ನಮ್ಮಲ್ಲಿ ಸಂಜೆ ಜಗಲಿಗೆ ನೀರು ಚಿಮುಕಿಸುವುದು ರೂಢಿ. ಇದರಿಂದ ನಿಜಕ್ಕೂ ತಂಪಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಗಾಳಿಯ ತೇವಾಂಶ ಶೇ. 30ಕ್ಕಿಂತ ಕೆಳಗೆ ಇಳಿಯುವುದು ಸಾಮಾನ್ಯ. ಒಣ ಗಾಳಿ ನೀರನ್ನು ಬೇಗ ಹೀರುತ್ತದೆ, ಆವಿಯಾಗುವಾಗ ನೀರು ಸುತ್ತಲಿನ ಬಿಸಿಯನ್ನು ತೆಗೆದುಕೊಂಡು ಹೋಗುತ್ತದೆ. ಹೊರ ಅಂಚಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹಾಕಿದರೆ ಗಾಳಿಯ ಜೊತೆ ಪರಿಮಳವೂ ಬರುತ್ತದೆ.

ಇದನ್ನೇ ಮಂಗಳೂರಿನವರು ಮಾಡಿದರೆ ಫಲ ಇಲ್ಲ. ಅಲ್ಲಿ ಗಾಳಿಯಲ್ಲೇ ನೀರಿದೆ, ಮೈಬೆವರೇ ಆರುವುದಿಲ್ಲ. ಅಲ್ಲಿ ಬೇಕಾದ್ದು ಗಾಳಿಯ ಓಟ. ಮಧ್ಯಾಹ್ನ ಸಮುದ್ರದ ಗಾಳಿ ಪಡುವಣದಿಂದ ಬರುತ್ತದೆ, ಹಾಗಾಗಿ ಪಡುವಣದ ಜಗಲಿಯನ್ನು ಜಾಲಿಯಿಂದ ಪೂರ್ತಿ ಮುಚ್ಚಬಾರದು. ಜೂನ್ ಬಂದರೆ ಅದೇ ದಿಕ್ಕಿನಿಂದ ಮಳೆ ಎರಚುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ. ಹಂಚಿನ ಇಳಿಜಾರು ಇನ್ನೂ ಕಡಿದಾಗಿರಬೇಕು, ಸೂರು ಇನ್ನಷ್ಟು ಮುಂದಕ್ಕೆ ಚಾಚಬೇಕು. ನಮ್ಮಲ್ಲಿ ಹಗಲು ಕಿಟಕಿ ಮುಚ್ಚಿ, ರಾತ್ರಿ ತೆರೆಯುವುದು ಸರಿ. ಅಲ್ಲಿ ಹಗಲೂ ತೆರೆದಿರಬೇಕು. ಹಾಗಾಗಿ ಉಡುಪಿಯ ಮನೆಯ ಫೋಟೊ ನೋಡಿ ರಾಯಚೂರಿನಲ್ಲಿ ಹಾಗೇ ಕಟ್ಟಿಸಬೇಡಿ.

ಕಟ್ಟುವ ಮುನ್ನ ಒಂದು ಬೇಸಿಗೆ ಕಾಯಲು ನಿಮಗೆ ಆಗುತ್ತದಾ? ಆಗುವುದಾದರೆ ಹೀಗೆ ಮಾಡಿ. ಪಡುವಣ ಗೋಡೆಯಿಂದ ಎಂಟಡಿಗೆ ನಾಲ್ಕು ಬಿದಿರು ನೆಟ್ಟು, ಏಳಡಿ ಎತ್ತರಕ್ಕೆ ಒಂದು ತಾಡಪತ್ರಿ ಕಟ್ಟಿ. ಮೇ ತಿಂಗಳ ಒಂದು ದಿನ ಮೂರು ಗಂಟೆಯಿಂದ ಆರರವರೆಗೆ, ಅರ್ಧ ಗಂಟೆಗೊಮ್ಮೆ ಗೋಡೆಯ ಮೇಲೆ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಪಕ್ಕದಲ್ಲಿ ಹೊತ್ತು ಬರೆಯಿರಿ. ಸಾಲದು ಅನಿಸಿದರೆ ಬಿದಿರನ್ನು ಒಂದಡಿ ಆಚೆ ಸರಿಸಿ, ಇಲ್ಲವೇ ತಾಡಪತ್ರಿಯನ್ನು ಅರ್ಧ ಅಡಿ ಇಳಿಸಿ, ಮರುದಿನ ಮತ್ತೆ ಗೆರೆ ಎಳೆಯಿರಿ. ಆ ರಾತ್ರಿ ಹತ್ತಕ್ಕೆ ಒಳಗಿನಿಂದ ಗೋಡೆ ಮುಟ್ಟಿ ನೋಡಿ. ಮಳೆಗಾಲ ಕಳೆದು ಗೌಂಡಿ ದಾರ ಹಿಡಿಯಲು ಬಂದಾಗ, ಬಿದಿರು ನಿಂತಿದ್ದ ಗುಂಡಿಗಳನ್ನೇ ತೋರಿಸಿ.